ಕೊಟ್ಟವನು ಕೋಡಂಗಿ: ಮನೆ ಅಡ್ವಾನ್ಸಿನ ಹಿಂದಿನ ಕಥೆ

ಬಾಡಿಗೆ ಮನೆ ಹಿಡಿಯುವುದು ಕಷ್ಟ. ಬಿಡುವುದು ಇನ್ನೂ ಕಷ್ಟ ಎಂಬುದು ಬೆಂಗಳೂರಿನಲ್ಲಿ ಹತ್ತು ವರ್ಷ ಕಳೆದ ಯಾರಿಗಾದರೂ ಗೊತ್ತಿರುವ ಸತ್ಯ. ಮನೆ ಹಿಡಿಯುವಾಗ ಜಾತಿ, ಊರು, ಊಟದ ರೀತಿ, ಮಕ್ಕಳ ಸಂಖ್ಯೆ ಎಲ್ಲದರ ವಿಚಾರಣೆ ನಡೆಯುತ್ತದೆ. ಬಿಡುವಾಗ ಗೋಡೆಯ ಮೊಳೆ, ಬಾಗಿಲ ಚಿಲಕ, ಅಡುಗೆಮನೆಯ ಜಿಡ್ಡಿನ ವಿಚಾರಣೆ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ, ನಲ್ಲಿಗೆಂದು ಒಂದಿಷ್ಟು, ಸಂಪು ತೊಳೆಸಲು ಮತ್ತಷ್ಟು ಎಂದು ಮುರಿದುಕೊಂಡ ಮೇಲೆ ಉಳಿದ ಅಡ್ವಾನ್ಸ್ ಹಣ ಕೈಗೆ ಬಂದರೆ ಅದೇ ಪುಣ್ಯ. ಎಷ್ಟೋ ಸಲ ಅದೂ ಬರುವುದಿಲ್ಲ. 'ಹೊಸ ಬಾಡಿಗೆದಾರರು ಬರಲಿ, ಅವರು ಕೊಟ್ಟ ಕೂಡಲೇ ನಿಮ್ಮದು ಕೊಡುತ್ತೇವೆ' ಎಂಬ ಉತ್ತರ ಸಿಗುತ್ತದೆ.

ಈ ಉತ್ತರವನ್ನು ಸ್ವಲ್ಪ ನಿಂತು ಕೇಳಬೇಕು. ಮನೆಗೆ ಹಾನಿಯಾದರೆ ಇರಲಿ ಎಂದು ಜೋಪಾನವಾಗಿ ಇಡಲು ಕೊಟ್ಟ ಹಣವಾಗಿದ್ದರೆ ಅದನ್ನು ತೆಗೆದು ಕೊಡಲು ಇನ್ನೊಬ್ಬರು ಬರುವವರೆಗೆ ಕಾಯಬೇಕಾದ್ದಿಲ್ಲ. ಕಾಯಬೇಕಾಗಿದೆ ಎಂದರೆ ಹಣ ಅಲ್ಲಿ ಇಲ್ಲ. ಅದು ಎಂದೋ ಖರ್ಚಾಗಿದೆ. ಭದ್ರತೆಗೆಂದು ಕೊಟ್ಟದ್ದು ಬಡ್ಡಿಯಿಲ್ಲದ ಸಾಲವಾಗಿದೆ. 'ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ' ಎಂಬ ಗಾದೆ ಸಾಲ ಕೊಟ್ಟವರ ಪಾಡನ್ನು ಕುರಿತದ್ದು. ಅದು ಬಾಡಿಗೆದಾರನಿಗೂ ಸಲ್ಲುವಂತಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಮನೆ ಮಾಲೀಕರ ದುರಾಸೆಯಲ್ಲಿ ಮಾತ್ರ ಸಿಗುವುದಿಲ್ಲ. ಅದಕ್ಕೊಂದು ಇತಿಹಾಸವಿದೆ.

ಇಟ್ಟ ಹಣ, ಬಳಸಿದ ಹಣ

ಒಬ್ಬರ ಬಳಿ ನಂಬಿ ಇಟ್ಟ ವಸ್ತು ಮತ್ತು ಒಬ್ಬರಿಗೆ ಸಾಲವಾಗಿ ಕೊಟ್ಟ ವಸ್ತು ಬೇರೆ ಬೇರೆ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇವೆರಡಕ್ಕೂ ಪ್ರತ್ಯೇಕ ನಿಯಮಗಳಿವೆ. ತನ್ನಲ್ಲಿ ಇಟ್ಟ ಠೇವಣಿಯನ್ನು ಸ್ವಂತಕ್ಕೆ ಬಳಸಿಕೊಂಡವನು ದೇಶಕಾಲಕ್ಕೆ ತಕ್ಕಂತೆ ಬಳಕೆಯ ಪ್ರತಿಫಲ ಕೊಡಬೇಕು, ಜೊತೆಗೆ ಹನ್ನೆರಡು ಪಣ ದಂಡ ತೆರಬೇಕು ಎನ್ನುತ್ತದೆ ಆ ಗ್ರಂಥ. ಬಾಡಿಗೆ ಮನೆಯ ಜಗಳವೂ ಅದರಲ್ಲಿ ಬಂದಿದೆ. ಬಿಡು ಎಂದರೂ ಬಿಡದೆ ಕೂತ ಬಾಡಿಗೆದಾರನಿಗೂ, ಬಾಡಿಗೆ ಕೊಟ್ಟವನನ್ನು ಹೊರಹಾಕಿದ ಮಾಲೀಕನಿಗೂ ಅದೇ ಹನ್ನೆರಡು ಪಣ ದಂಡ. ಕೌಟಿಲ್ಯನ ತಕ್ಕಡಿಯಲ್ಲಿ ಇಬ್ಬರ ತಪ್ಪೂ ಒಂದೇ ತೂಕ.

ಕನ್ನಡ ನಾಡಿನಲ್ಲೇ ಹುಟ್ಟಿದ ಇನ್ನೊಂದು ಗ್ರಂಥ ಈ ವಿಷಯದಲ್ಲಿ ಮತ್ತೂ ಸ್ಪಷ್ಟ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರಾ' ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಹಿಂದೂ ಆಸ್ತಿ ಹಕ್ಕಿನ ಪ್ರಶ್ನೆ ಬಂದಾಗಲೆಲ್ಲ ಬ್ರಿಟಿಷರ ಕಾಲದ ನ್ಯಾಯಾಲಯಗಳು ತೆರೆದು ನೋಡುತ್ತಿದ್ದ ಗ್ರಂಥವದು. ಠೇವಣಿಯನ್ನು ಕುರಿತ ಪ್ರಕರಣ ಅದರಲ್ಲಿ ಬೇರೆಯಾಗಿಯೇ ಇದೆ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಠೇವಣಿ ಹೋದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ಆದರೆ ಕೇಳಿದಾಗ ಕೊಡದೆ ಇಟ್ಟುಕೊಂಡು ಆಮೇಲೆ ಅದು ನಷ್ಟವಾದರೆ ಅಷ್ಟೂ ಮೌಲ್ಯ ತುಂಬಿಕೊಡಬೇಕು, ಅಷ್ಟೇ ಮೊತ್ತದ ದಂಡವನ್ನೂ ಕಟ್ಟಬೇಕು. ಒಡೆಯನ ಒಪ್ಪಿಗೆಯಿಲ್ಲದೆ ಅದನ್ನು ಬಳಸಿ ಲಾಭ ಮಾಡಿಕೊಂಡರೆ ಲಾಭದ ಸಮೇತ ಹಿಂತಿರುಗಿಸಬೇಕು.

ಅದೇ ಸ್ಮೃತಿಯಲ್ಲಿ ಒತ್ತೆಯಲ್ಲೂ ಎರಡು ಬಗೆ ಹೇಳಿದೆ. ಜೋಪಾನ ಮಾಡಲು ಕೊಟ್ಟದ್ದು ಗೋಪ್ಯ. ಅನುಭವಿಸಲು ಕೊಟ್ಟದ್ದು ಭೋಗ್ಯ. ಈ ಎರಡನೆಯ ಮಾತು ನಮಗೆ ಅಪರಿಚಿತವಲ್ಲ. ಹೊಲ ಭೋಗ್ಯಕ್ಕೆ ಹಾಕುವುದು ಹಳ್ಳಿಗಳಲ್ಲಿ ಇಂದಿಗೂ ನಡೆಯುತ್ತಿದೆ. 'ಮನೆ ಭೋಗ್ಯಕ್ಕಿದೆ' ಎಂಬ ಬೋರ್ಡು ಬೆಂಗಳೂರಿನ ಬಡಾವಣೆಗಳಲ್ಲಿ ಕಾಣುತ್ತದೆ. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಮನೆಯಲ್ಲಿರುವುದು, ಬಿಡುವಾಗ ಪೂರ್ತಿ ಮೊತ್ತ ವಾಪಸು ಪಡೆಯುವುದು ಅದರ ಕ್ರಮ.

ಭೋಗ್ಯದಲ್ಲಿ ಒಂದು ಸಮತೂಕವಿದೆ. ಹಣಕ್ಕೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆಯೂ ಇಲ್ಲ. ಅಡ್ವಾನ್ಸಿನಲ್ಲಿ ಆ ಸಮತೂಕ ತಪ್ಪಿದೆ. ಹಣಕ್ಕೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಮಾತ್ರ ಉಂಟು. ಹೆಸರಿಗೆ ಗೋಪ್ಯ, ಬಳಕೆಯಲ್ಲಿ ಭೋಗ್ಯ. ಇಂಥ ಎಡಬಿಡಂಗಿ ವ್ಯವಸ್ಥೆ ಒಂದೇ ದಿನದಲ್ಲಿ ಬಂದದ್ದಲ್ಲ.

ಯುದ್ಧ ತಂದ ಕಾನೂನು

ಬ್ರಿಟಿಷ್ ಆಡಳಿತ 1882ರಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆಯನ್ನು ತಂದಿತು. ಮನೆ, ಜಮೀನು ಬಾಡಿಗೆಗೆ ಕೊಡುವ ನಿಯಮಗಳಿಗೆ ಇಂದಿಗೂ ಅದೇ ಬುನಾದಿ. ಮನೆ ಬಿಡುವಾಗ ಅದನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸಬೇಕು ಎಂಬುದನ್ನು ಅದರ 108ನೆಯ ಕಲಮು ಹೇಳುತ್ತದೆ. ಆದರೆ ಇಂದು ನಾವು ಕೊಡುವ ಭದ್ರತಾ ಠೇವಣಿಯ ಬಗ್ಗೆ, ಅದು ಎಷ್ಟಿರಬೇಕು, ಯಾರ ಬಳಿ ಇರಬೇಕು, ಯಾವಾಗ ವಾಪಸಾಗಬೇಕು ಎಂಬ ಬಗ್ಗೆ ಅದರಲ್ಲಿ ನಿಯಮವಿಲ್ಲ. ಎಲ್ಲವನ್ನೂ ಇಬ್ಬರ ಕರಾರಿಗೆ ಬಿಡಲಾಯಿತು.

ಮೊದಲ ಮಹಾಯುದ್ಧ ಈ ಚಿತ್ರವನ್ನು ಬದಲಿಸಿತು. ಯುದ್ಧಕಾಲದಲ್ಲಿ ಮನೆ ಕಟ್ಟುವ ಸಾಮಗ್ರಿಗೆ ಬರ, ಪಟ್ಟಣಗಳಿಗೆ ಬರುವ ಜನ ಹೆಚ್ಚು. ಬಾಡಿಗೆಗಳು ಏರಿದವು. ಬಾಡಿಗೆಗೆ ಕಡಿವಾಣ ಹಾಕುವ ಕಾನೂನು ಮುಂಬೈಯಲ್ಲಿ 1918ರಲ್ಲಿ, ಕಲ್ಕತ್ತೆಯಲ್ಲಿ 1920ರಲ್ಲಿ ಬಂದಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದೇ ಕಥೆ ಮರುಕಳಿಸಿತು. 1947ರ ಮುಂಬೈ ಬಾಡಿಗೆ ಕಾಯ್ದೆ ಬಾಡಿಗೆಗಳನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು.

ಬಾಡಿಗೆ ನಿಂತಿತು, ಮನೆಯ ಬೇಡಿಕೆ ನಿಲ್ಲಲಿಲ್ಲ. ಆಗ ಮುಂಬೈಯಲ್ಲಿ ಬಲವಾಗಿ ಬೇರುಬಿಟ್ಟದ್ದು 'ಪಗಡಿ'. ಬಾಡಿಗೆ ಕಾನೂನಿನಂತೆ ಕೆಲವೇ ರೂಪಾಯಿ. ಆದರೆ ಮನೆಯೊಳಗೆ ಕಾಲಿಡಲು ಪ್ರತ್ಯೇಕ ದೊಡ್ಡ ಮೊತ್ತ. ಇಂಥ ಹಣ ಪಡೆಯುವುದನ್ನು 1947ರ ಕಾಯ್ದೆಯೇ ನಿಷೇಧಿಸಿತ್ತು. ಪರಿಣಾಮವಾಗಿ ಹಣ ನಿಲ್ಲಲಿಲ್ಲ, ರಸೀದಿ ನಿಂತಿತು. ರಸೀದಿಯಿಲ್ಲದೆ ಕೈ ಬದಲಾದ ಹಣವನ್ನು ನ್ಯಾಯಾಲಯದಲ್ಲಿ ಕೇಳುವುದು ಹೇಗೆ?

ಈ ತೊಡಕು 1986ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಬಿಹಾರದ ಬಾಡಿಗೆದಾರರೊಬ್ಬರು ಮಾಲೀಕರಿಗೆ ಕೊಟ್ಟ ಮುಂಗಡವನ್ನು ಬಾಡಿಗೆಗೆ ವಜಾ ಮಾಡಿಕೊಳ್ಳಬಹುದೇ ಎಂಬುದು ಪ್ರಶ್ನೆ. ಕಾನೂನು ಮೀರಿ ಕೊಟ್ಟ ಹಣವಾದ್ದರಿಂದ ಇಬ್ಬರೂ ತಪ್ಪಿತಸ್ಥರು, ಆದ್ದರಿಂದ ವಜಾ ಇಲ್ಲ ಎಂಬುದು ಮಾಲೀಕರ ಕಡೆಯ ವಾದ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಸೂರು ಬೇಕಾಗಿ ಗತ್ಯಂತರವಿಲ್ಲದೆ ಹಣ ಕೊಟ್ಟವನೂ, ಆ ಗತಿಗೇಡಿನ ಲಾಭ ಪಡೆದವನೂ ಸಮಾನ ತಪ್ಪಿತಸ್ಥರಲ್ಲ ಎಂಬ ನಿಲುವು ತಾಳಿ ಬಾಡಿಗೆದಾರರ ಪರ ತೀರ್ಪಿತ್ತಿತು.

ಬೆಂಗಳೂರು ಬೆಳೆದ ರೀತಿ

ನಮ್ಮ ರಾಜ್ಯಕ್ಕೆ ಬರೋಣ. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ಹೊತ್ತಿಗೆ 7.8 ಲಕ್ಷ ಮುಟ್ಟಿತು. ವಿಮಾನ ಕಾರ್ಖಾನೆ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಆರಂಭವಾದವು. ಕೆಲಸ ಹುಡುಕಿ ಬಂದವರಿಗೆ ಮನೆ ಬೇಕಿತ್ತು. ಮೈಸೂರು ಸರ್ಕಾರ 1951ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ಅದರ ಜಾಗದಲ್ಲಿ ಬಂದ 1961ರ ಕಾಯ್ದೆ ನಾಲ್ಕು ದಶಕ ನಮ್ಮ ನಗರಗಳ ಬಾಡಿಗೆ ವ್ಯವಹಾರವನ್ನು ಆಳಿತು.

ಆ ಕಾಯ್ದೆಯಡಿ ಮನೆ ಖಾಲಿಯಾದರೆ ಮಾಲೀಕ ನಿಯಂತ್ರಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕಿತ್ತು. ಅಧಿಕಾರಿ ಅದನ್ನು ತಾನೇ ಬೇರೊಬ್ಬರಿಗೆ ಹಂಚಬಹುದಿತ್ತು. ಬಾಡಿಗೆದಾರನನ್ನು ಬಿಡಿಸಬೇಕಾದರೆ 21ನೆಯ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕು: ಬಾಡಿಗೆ ಬಾಕಿ, ಒಳಬಾಡಿಗೆ, ಸ್ವಂತ ವಾಸದ ನಿಜವಾದ ಅಗತ್ಯ ಇತ್ಯಾದಿ. 'ಎಚ್‌ಆರ್‌ಸಿ ಕೇಸು' ಎಂಬ ಮಾತು ಬೆಂಗಳೂರಿನ ಮನೆಮಾತಾದದ್ದು ಹೀಗೆ. ಕೇಸು ಹಾಕಿದ ತಂದೆ ತೀರಿಕೊಂಡು ಮಗ ಮುಂದುವರಿಸಿದ ಉದಾಹರಣೆಗಳು ಅಪರೂಪವಾಗಿರಲಿಲ್ಲ.

ಕಾನೂನಿನ ಉದ್ದೇಶ ಒಳ್ಳೆಯದೇ. ಸಂಬಳದ ದಿನ ಎಣಿಸುವ ಗುಮಾಸ್ತನನ್ನೋ ಕಾರ್ಖಾನೆ ನೌಕರನನ್ನೋ ರಾತ್ರೋರಾತ್ರಿ ಬೀದಿಗೆ ತಳ್ಳಬಾರದು ಎಂಬುದು ಅದರ ಆಶಯ. ಆದರೆ ಅದು ಮಾಲೀಕನಲ್ಲಿ ಒಂದು ಭಯವನ್ನೂ ಬಿತ್ತಿತು: 'ಒಳಗೆ ಬಂದವನು ಹೋಗದೇ ಇದ್ದರೆ?' ಈ ಭಯಕ್ಕೆ ಮಾಲೀಕರು ಕಂಡುಕೊಂಡ ಉತ್ತರಗಳಲ್ಲಿ ಒಂದು ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಹನ್ನೊಂದು ತಿಂಗಳಾದರೆ ಆ ತಾಪತ್ರಯವಿಲ್ಲ. ಇನ್ನೊಂದು ಉತ್ತರ ದೊಡ್ಡ ಅಡ್ವಾನ್ಸ್. ಬಾಡಿಗೆದಾರನ ಹತ್ತು ತಿಂಗಳ ಹಣ ತನ್ನ ಕೈಯಲ್ಲಿದ್ದರೆ ಅವನು ಸುಮ್ಮನೆ ಕೂರಲಾರ. ಹಣ ಬೇಕಾದರೆ ಬೀಗದ ಕೈ ಕೊಡಲೇಬೇಕು. ಹೀಗೆ ಅಡ್ವಾನ್ಸ್ ಒಂದು ಒತ್ತೆಯಾಯಿತು. ಮನೆ ಅವನ ವಶ, ಹಣ ಇವನ ವಶ.

ಎರಡನೆಯ ಕಾರಣ ಬಂಡವಾಳದ್ದು. ಬೆಂಗಳೂರಿನ ಜನಸಂಖ್ಯೆ 1971ರಲ್ಲಿ ಸುಮಾರು 16.5 ಲಕ್ಷವಿದ್ದುದು 1981ಕ್ಕೆ 29 ಲಕ್ಷವಾಯಿತು. 1991ಕ್ಕೆ 41 ಲಕ್ಷ. ನಿವೇಶನ ಸಿಕ್ಕ ಮಧ್ಯಮ ವರ್ಗದವರಿಗೆ ಮನೆ ಕಟ್ಟಲು ಸಾಲ ಸುಲಭವಾಗಿ ಸಿಗುತ್ತಿರಲಿಲ್ಲ. ಗೃಹಸಾಲಕ್ಕೆಂದೇ ಮೀಸಲಾದ ಎಚ್‌ಡಿಎಫ್‌ಸಿ ಆರಂಭವಾದದ್ದು 1977ರಲ್ಲಿ, ರಾಷ್ಟ್ರೀಯ ಗೃಹ ಬ್ಯಾಂಕ್ ಬಂದದ್ದು 1988ರಲ್ಲಿ. ಅದಕ್ಕೆ ಮುಂಚೆ, ಅದಾದ ಮೇಲೂ ಬಹಳ ಕಾಲ, ನೆಲಮನೆಯ ಬಾಡಿಗೆದಾರ ಕೊಟ್ಟ ಅಡ್ವಾನ್ಸು ಮೊದಲ ಮಹಡಿಯ ತಾರಸಿಯಾಗುತ್ತಿತ್ತು. ಮಹಡಿಗೆ ಬಂದವರ ಅಡ್ವಾನ್ಸು ಮಗಳ ಮದುವೆಯ ಖರ್ಚಾಗುತ್ತಿತ್ತು. ಬ್ಯಾಂಕು ಮಾಡಬೇಕಾದ ಕೆಲಸವನ್ನು ಬಾಡಿಗೆದಾರ ಮಾಡಿದ. ಬ್ಯಾಂಕಿಗೆ ಬಡ್ಡಿಯೂ ಅಡಮಾನ ಪತ್ರವೂ ಸಿಗುತ್ತವೆ. ಇವನಿಗೆ ಎರಡೂ ಇಲ್ಲ.

ಇದರ ಬೆಲೆ ಎಷ್ಟು ಎಂದು ಒಂದು ಸಣ್ಣ ಲೆಕ್ಕ ಹಾಕಬಹುದು. ತಿಂಗಳ ಬಾಡಿಗೆ 20,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳು ಎಂದರೆ 2 ಲಕ್ಷ. ಶೇ 6ರ ಸರಳ ಬಡ್ಡಿ ಹಿಡಿದರೂ ವರ್ಷಕ್ಕೆ 12,000 ರೂಪಾಯಿ. ಐದು ವರ್ಷ ಇದ್ದರೆ 60,000. ಅಂದರೆ ಮೂರು ತಿಂಗಳ ಬಾಡಿಗೆಯನ್ನು ಬಾಡಿಗೆದಾರ ಗೊತ್ತಿಲ್ಲದೆಯೇ ಹೆಚ್ಚಿಗೆ ಕೊಟ್ಟಂತಾಯಿತು. ಅದರ ಮೇಲೆ ಬಣ್ಣದ ಖರ್ಚು ಬೇರೆ!

ಭಯ ಹೋಯಿತು, ಅಡ್ವಾನ್ಸ್ ಉಳಿಯಿತು

ಹಳೆಯ ಕಾಯ್ದೆಯ ಬದಲಿಗೆ ರೂಪಿಸಿದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಮಾಸಿಕ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದಿನ ಬಾಡಿಗೆಯ ಮಟ್ಟದಲ್ಲಿ ಬಹುಪಾಲು ಮನೆಗಳು ಹೀಗೆ ಹೊರಗೇ ಉಳಿದಿವೆ. ಅವುಗಳಿಗೆ ಮತ್ತೆ 1882ರ ಕಾಯ್ದೆ ಮತ್ತು ಇಬ್ಬರ ನಡುವಿನ ಕರಾರೇ ಗತಿ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆದಾರನಿಗೆ ಹದಿನೈದು ದಿನಗಳ ನೋಟಿಸು ಸಾಕು.

ಬಾಡಿಗೆದಾರ ತಲೆತಲಾಂತರ ಬಿಡುವುದಿಲ್ಲ ಎಂಬ ಭಯಕ್ಕೆ ಕಾರಣವಾಗಿದ್ದ ಕಾನೂನು ಹೀಗೆ ಹೆಚ್ಚಿನ ಮನೆಗಳ ಮಟ್ಟಿಗೆ ಇಲ್ಲವಾಯಿತು. ಗೃಹಸಾಲವೂ ಸುಲಭವಾಯಿತು. ಆದರೆ ಆ ಭಯದಿಂದ ಹುಟ್ಟಿದ ಅಡ್ವಾನ್ಸ್ ಮಾತ್ರ ಹೋಗಲಿಲ್ಲ. ಕಾಯಿಲೆ ವಾಸಿಯಾದ ಮೇಲೂ ಪಥ್ಯ ಮುಂದುವರಿದಂತೆ ಅದು ಉಳಿದುಕೊಂಡಿತು; ಪಥ್ಯ ಮಾಡಬೇಕಾದವನು ಬಾಡಿಗೆದಾರ ಮಾತ್ರ. ಈಚೆಗೆ ಕೆಲವೆಡೆ ಹತ್ತು ತಿಂಗಳು ಆರಕ್ಕೆ, ಮೂರಕ್ಕೆ ಇಳಿದಿದೆಯಾದರೂ ಹಣ ಯಾರ ಕೈಯಲ್ಲಿರಬೇಕು ಎಂಬ ಮೂಲ ಪ್ರಶ್ನೆ ಹಾಗೆಯೇ ಇದೆ.

ಇದಕ್ಕೆ ಹೊಸದೊಂದು ತಿರುವು ಸೇರಿದೆ. ಮಾಲೀಕನಿಗೂ ಬಾಡಿಗೆದಾರನಿಗೂ ಮಧ್ಯೆ ಈಗ ಕಂಪೆನಿಗಳು ಬಂದಿವೆ. ಮನೆಯನ್ನು ಮಾಲೀಕನಿಂದ ವಹಿಸಿಕೊಂಡು, ಬಾಡಿಗೆದಾರನನ್ನು ಹುಡುಕಿ, ಬಾಡಿಗೆಯನ್ನೂ ಠೇವಣಿಯನ್ನೂ ಅವೇ ವಸೂಲು ಮಾಡುತ್ತವೆ. ಊರಲ್ಲಿಲ್ಲದ ಮಾಲೀಕನಿಗೆ ಇದು ಅನುಕೂಲ. ಜಾತಿ, ಊಟದ ಪ್ರಶ್ನೆ ಕೇಳದ ಕಾರಣ ಒಂಟಿ ಯುವಕ ಯುವತಿಯರಿಗೂ ಅನುಕೂಲ. ತೊಂದರೆ ಗೊತ್ತಾಗುವುದು ಬಿಡುವಾಗ. ಮಾಲೀಕನನ್ನು ಕೇಳಿದರೆ ಕಂಪೆನಿಯನ್ನು ಕೇಳಿ ಎನ್ನುತ್ತಾನೆ. ಕಂಪೆನಿಯನ್ನು ಕೇಳಿದರೆ 'ನಿಮ್ಮ ಮನವಿ ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಹಿಂದೆ ಮಾಲೀಕ ಸತಾಯಿಸಿದರೂ ಅವನ ಮನೆ ಅಲ್ಲೇ ಇರುತ್ತಿತ್ತು; ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಕಂಪೆನಿಯ ಕಚೇರಿಗೆ ಆ ಕಟ್ಟುಪಾಡಿಲ್ಲ.

ಭೋಗ್ಯದ ಮನೆಗಳಲ್ಲಿ ಇದು ಇನ್ನೂ ಅಪಾಯಕಾರಿ. ಬಾಡಿಗೆದಾರನಿಂದ ಲಕ್ಷಗಟ್ಟಲೆ ಭೋಗ್ಯದ ಹಣ ಪಡೆದು, ಮಾಲೀಕನಿಗೆ ಮಾತ್ರ ತಿಂಗಳ ಬಾಡಿಗೆ ಕಟ್ಟುತ್ತ, ಕೆಲವು ತಿಂಗಳ ನಂತರ ಅದನ್ನೂ ನಿಲ್ಲಿಸಿ ಮಧ್ಯವರ್ತಿಗಳು ಕಣ್ಮರೆಯಾದ ಬಗ್ಗೆ ಈಚಿನ ವರ್ಷಗಳಲ್ಲಿ ಬೆಂಗಳೂರಿನ ಪೊಲೀಸರಿಗೆ ದೂರುಗಳು ಬಂದಿವೆ. ಬಾಡಿಗೆ ಬಾರದ ಮಾಲೀಕ ಮನೆ ಬಿಡಿ ಎನ್ನುತ್ತಾನೆ. ಪೂರ್ತಿ ಹಣ ಕೊಟ್ಟವನು ಎಲ್ಲಿಗೆ ಹೋಗಬೇಕು?

ಮೂರನೆಯವರ ಕೈಯಲ್ಲಿ ಗಂಟು

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1977ರಲ್ಲೇ ಬಾಡಿಗೆ ಠೇವಣಿಗೆಂದು ಒಂದು ಮಂಡಲಿಯನ್ನು ಸ್ಥಾಪಿಸಿತು. ಬಾಡಿಗೆದಾರ ಕೊಟ್ಟ ಠೇವಣಿ ಮಾಲೀಕನ ಜೇಬಿಗೆ ಹೋಗದೆ ಆ ಮಂಡಲಿಯ ಬಳಿ ಇರುತ್ತದೆ. ಇಂಗ್ಲೆಂಡಿನಲ್ಲಿ 2004ರ ವಸತಿ ಕಾಯ್ದೆಯ ಪ್ರಕಾರ 2007ರ ಏಪ್ರಿಲಿನಿಂದ ಇಂಥದೇ ವ್ಯವಸ್ಥೆ ಬಂದಿತು. ಠೇವಣಿಯನ್ನು ಸರ್ಕಾರದ ಮಾನ್ಯತೆ ಪಡೆದ ಯೋಜನೆಯಲ್ಲಿ ಇಡಬೇಕು, ಇಲ್ಲವೇ ಅಲ್ಲಿ ವಿಮೆ ಮಾಡಿಸಬೇಕು. ಈಗಿನ ನಿಯಮದಂತೆ ಅದಕ್ಕೆ 30 ದಿನಗಳ ಗಡುವು. ತಪ್ಪಿದರೆ ಠೇವಣಿಯ ಒಂದರಿಂದ ಮೂರು ಪಟ್ಟು ಹಣವನ್ನು ಬಾಡಿಗೆದಾರನಿಗೆ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. 2019ರಿಂದ ಅಲ್ಲಿ ಸಾಮಾನ್ಯ ಬಾಡಿಗೆಯ ಮನೆಗಳಿಗೆ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ.

ಈ ವ್ಯವಸ್ಥೆಯ ಗುಟ್ಟು ಮೊತ್ತದಲ್ಲಿಲ್ಲ. ಹಣ ಮೂರನೆಯವರ ಬಳಿ ಇರುವುದರಿಂದ ಜಗಳ ಬಂದಾಗ ಹಾನಿಯಾಗಿದೆ ಎಂದು ತೋರಿಸಬೇಕಾದವನು ಮಾಲೀಕ. ನಮ್ಮಲ್ಲಿ ಹಣ ಮಾಲೀಕನ ಬಳಿ ಇರುವುದರಿಂದ ವಕೀಲರನ್ನು ಹುಡುಕಬೇಕಾದವನು ಬಾಡಿಗೆದಾರ. ಗಂಟು ಯಾರ ಕೈಯಲ್ಲಿದೆಯೋ ಅವರು ಸುಮ್ಮನಿದ್ದರೆ ಸಾಕು. ಓಡಾಡುವ ಕೆಲಸ ಇನ್ನೊಬ್ಬರದು.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು, ಇತರ ಕಟ್ಟಡಗಳಿಗೆ ಆರು ತಿಂಗಳು ಎಂದು ಠೇವಣಿಗೆ ಮಿತಿ ಹಾಕಿದೆ. ಮನೆ ವಶಕ್ಕೆ ಪಡೆಯುವಾಗಲೇ, ನ್ಯಾಯವಾದ ಕಡಿತದ ನಂತರ, ಹಣ ಹಿಂತಿರುಗಿಸಬೇಕು ಎಂದೂ ಹೇಳಿದೆ. ಆದರೆ ಇದು ಮಾದರಿ ಮಾತ್ರ. ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡಲ್ಲಷ್ಟೇ ಅದಕ್ಕೆ ಬಲ. ಅದರಲ್ಲೂ ಹಣ ಇರುವುದು ಮಾಲೀಕನ ಕೈಯಲ್ಲೇ.

ಸದ್ಯಕ್ಕೆ ಇರುವ ದಾರಿ

ಹಾಗಾದರೆ ಇಂದು ಹಣ ಸಿಕ್ಕಿಹಾಕಿಕೊಂಡವರು ಏನು ಮಾಡಬೇಕು? ಮೊದಲನೆಯದು ಕಾಗದ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡುವುದು, ಹಣ ಪಡೆದವರು ಮಾಲೀಕರೋ ಕಂಪೆನಿಯೋ ಎಂಬುದನ್ನು ಕರಾರಿನಲ್ಲಿ ಬರೆಸುವುದು, ಮನೆ ಸೇರುವ ದಿನವೂ ಬಿಡುವ ದಿನವೂ ಫೋಟೊ ತೆಗೆದಿಡುವುದು, ಬೀಗದ ಕೈ ಕೊಟ್ಟದ್ದಕ್ಕೆ ತಾರೀಖು ಹಾಕಿದ ಸಹಿ ಪಡೆಯುವುದು ಮುಖ್ಯ. ಬಣ್ಣದ ವಿಷಯದಲ್ಲಿ 108ನೆಯ ಕಲಮು ನೆನಪಿರಲಿ. ಸಹಜ ಬಳಕೆಯಿಂದ ಆದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಅದು ಹೇಳುತ್ತದೆ. ಆದರೆ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಕರಾರಿನಲ್ಲಿ ಸಹಿ ಮಾಡಿದ್ದರೆ ಆ ರಕ್ಷಣೆ ಕೈತಪ್ಪುತ್ತದೆ.

ಆಮೇಲಿನದು ವಕೀಲರ ನೋಟಿಸು, ಅದಕ್ಕೂ ಜಗ್ಗದಿದ್ದರೆ ಹಣ ವಸೂಲಿಯ ಸಿವಿಲ್ ದಾವೆ. ದಾವೆಗೆ ಮೂರು ವರ್ಷಗಳ ಕಾಲಮಿತಿಯಿದೆ. ನ್ಯಾಯಾಲಯದ ಶುಲ್ಕ ಕೇಳುವ ಮೊತ್ತಕ್ಕೆ ತಕ್ಕಂತೆ ಇರುತ್ತದೆ. ತನ್ನ ಹಣ ಕೇಳಲು ಮತ್ತೆ ಹಣ ಕಟ್ಟಬೇಕು. ಬರಿಯ ಬಾಡಿಗೆಯ ಜಗಳ ಗ್ರಾಹಕ ವ್ಯಾಜ್ಯವೇ ಎಂಬ ಬಗ್ಗೆ ತಕರಾರು ಉಂಟಾದರೂ, ನಿರ್ವಹಣೆ ಮುಂತಾದ ಸೇವೆಗಳಿಗೆ ಶುಲ್ಕ ಪಡೆಯುವ ಕಂಪೆನಿಯಾದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಿ ನೋಡಬಹುದು.

ಇಷ್ಟೆಲ್ಲ ಗೊತ್ತಿರುವ ಜನ ಬಹಳ ಹಿಂದೆಯೇ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಮನೆ ಬಿಡುವ ಎರಡು ಮೂರು ತಿಂಗಳ ಮುಂಚೆಯೇ ಬಾಡಿಗೆ ನಿಲ್ಲಿಸಿ 'ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ' ಎನ್ನುವುದು ಆ ದಾರಿ. ಮಾಲೀಕರಿಗೆ ಇದು ಸಿಟ್ಟು ತರಿಸುತ್ತದೆ, ಕರಾರಿಗೂ ವಿರುದ್ಧ. ಆದರೂ ಇದು ಇಷ್ಟು ವ್ಯಾಪಕವಾಗಿರುವುದು ಒಂದು ಮಾತನ್ನು ಹೇಳುತ್ತದೆ: ಕೊಟ್ಟ ಹಣ ಕೇಳಿದರೆ ಸಿಗುತ್ತದೆ ಎಂಬ ನಂಬಿಕೆ ಯಾರಿಗೂ ಇಲ್ಲ.

ಅಡ್ವಾನ್ಸ್ ವಾಪಸಾಗುವುದು ತಡವಾದರೆ ತೊಂದರೆ ಬರಿಯ ಬಡ್ಡಿಯದಲ್ಲ. ಹಳೆಯ ಮನೆಯ ಅಡ್ವಾನ್ಸ್ ಬಂದರೆ ಮಾತ್ರ ಹೊಸ ಮನೆಗೆ ಅಡ್ವಾನ್ಸ್ ಕೊಡಬಲ್ಲ ಕುಟುಂಬಗಳೇ ಹೆಚ್ಚು. ಸಾಮಾನು ಲಾರಿಗೆ ಹತ್ತಿದ ದಿನ ಆ ಹಣ ಸಿಗದಿದ್ದರೆ ಕೈಸಾಲ, ಒಡವೆ ಅಡವು. ಮನೆಯವರ ಉಳಿತಾಯವೆಲ್ಲ ಒಟ್ಟಾಗಿ ಇರುವ ಜಾಗ ಎಷ್ಟೋ ಸಲ ಆ ಅಡ್ವಾನ್ಸೇ. ಇಟ್ಟದ್ದನ್ನು ಕೇಳಿದಾಗ ಕೊಡಬೇಕು, ಬಳಸಿಕೊಂಡರೆ ಬಳಕೆಯ ಫಲವನ್ನೂ ಸೇರಿಸಿ ಕೊಡಬೇಕು ಎಂಬ ನಿಯಮ ಕಲ್ಯಾಣದ ವಿಜ್ಞಾನೇಶ್ವರನಿಗೆ ಒಂಬತ್ತು ಶತಮಾನಗಳ ಹಿಂದೆಯೇ ಗೊತ್ತಿತ್ತು. ಅದನ್ನು ಮನೆ ಬಾಡಿಗೆಗೂ ಅನ್ವಯಿಸುವ ಒಂದು ಕಾನೂನು, ಹಣ ಇಡಲು ನಂಬಿಕೆಯ ಒಂದು ಮೂರನೆಯ ಜಾಗ: ಬಾಡಿಗೆದಾರ ಕೇಳುತ್ತಿರುವುದು ಇಷ್ಟೇ.